ನಳದ ಬಾಯಿಗೆ ಕಟ್ಟಿದ ಬಟ್ಟೆ

ನನ್ನ ಮಗಳು ಕಲ್ಲು ಮತ್ತು ನೀರಿನ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ಸರಿಯಾಗಿ ಹೇಳಲು ನಾನು ಕಲಿತದ್ದೇ ಇತ್ತೀಚೆಗೆ. ಮೊದಲೆಲ್ಲ ಪುಣೆಯ ನಮ್ಮ ಸೊಸೈಟಿಯ ಹೆಂಗಸರು ಕೇಳಿದರೆ ಕೆಮಿಸ್ಟ್ರಿಯಲ್ಲಿ ಏನೋ ಒಂದು ಎಂದುಬಿಡುತ್ತಿದ್ದೆ. ಒಮ್ಮೆ ಮೂರನೆಯ ಮಹಡಿಯವರು ಮರಾಠಿಯಲ್ಲಿ, ಅಂದರೆ ಔಷಧದ್ದೋ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಮರುದಿನವೇ ಅವರು ತಮ್ಮ ಮಂಡಿನೋವಿನ ಗುಳಿಗೆಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಮಗಳು ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಸೋಫಾದ ಮೇಲೆ ಕುಳಿತುಬಿಟ್ಟರು. ಆಮೇಲೆ ನಾನು ಎಚ್ಚರಿಕೆಯಿಂದ ಕಲ್ಲು, ನೀರು ಎಂದೇ ಹೇಳತೊಡಗಿದೆ. ಕಲ್ಲಿನ ಮೇಲೆ ನೀರು ಬಿದ್ದರೆ ಸಂಶೋಧನೆ ಮಾಡುವಂಥದ್ದು ಏನಿದೆ ಎಂದು ಯಾರೂ ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಅವಳು ಲ್ಯಾಬಿನಿಂದ ಬೇಗ ಬಂದಳು. ಒಂದು ಚಪ್ಪಲಿ ಬಾಗಿಲ ಬಳಿ, ಇನ್ನೊಂದು ಮ್ಯಾಟಿನ ಆಚೆ ಬಿಟ್ಟು ಒಳಗೆ ಬಂದದ್ದು ನೋಡಿಯೇ ಏನೋ ಆಗಿದೆ ಎಂದುಕೊಂಡೆ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವಳು ಎದುರಿಗೆ ಕುಳಿತು ತಾನೂ ಬಿಡಿಸತೊಡಗಿದಳು. ಎಲೆಗಳು ಕಸದ ಪೇಪರಿಗೆ ಹೋಗುತ್ತಿದ್ದವು, ಕಡ್ಡಿಗಳು ಬುಟ್ಟಿಗೆ.

"ಏನಾತು?" ಎಂದೆ.

"ಸರ್ ನನ್ನ ಒಂದು ಚಾಪ್ಟರ್ ಪೂರಾ ತಗದ್‌ಹಾಕು ಅಂದ್ರು."

ಸರ್ ಅಂದರೆ ಅವಳ ಗೈಡ್. ಮಾತು ಕಡಿಮೆ, ಒಳ್ಳೆಯ ಮನುಷ್ಯ ಎಂದು ಅವಳೇ ಹೇಳುತ್ತಿದ್ದಳು.

"ಯಾಕಂತ?"

"ಬಾಟ್ಲಿ ಹೊಲಸಿತ್ತು ಅಂತಾರ."

"ನಮ್ಮ ಮನಿಯಿಂದ ಒಯ್ದಿದ್ದೇನು?"

"ಅಮ್ಮಾ! ಲ್ಯಾಬಿನ ಬಾಟ್ಲಿ ಅದು. ಆ್ಯಸಿಡ್‌ನ್ಯಾಗ ನೆನೆಸಿ ತೊಳದದ್ದು. ನಿನ್ನ ಉಪ್ಪಿನಕಾಯಿ ಬಾಟ್ಲಿ ಅಲ್ಲ."

ಉಪ್ಪಿನಕಾಯಿಯ ಬಾಟಲಿಯನ್ನು ನಾನು ಬಿಸಿಲಿಗಿಟ್ಟು, ಇಂಗಿನ ಹೊಗೆ ಹಾಕಿ, ಒರೆಸಿ ಮತ್ತೆ ಬಿಸಿಲಿಗಿಡುತ್ತೇನೆ. ಅದಕ್ಕಿಂತ ಸ್ವಚ್ಛವಾದ ಬಾಟಲಿ ಯಾವುದಿರುತ್ತದೆ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿ ಇನ್ನೊಂದು ಹಿಡಿ ಸೊಪ್ಪು ತೆಗೆದುಕೊಂಡೆ.

ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಈ ಕಡೆಯ ನೆಲದ ಕೆಳಗೆಲ್ಲ ಕರಿಕಲ್ಲು. ಒಂದು ಕಾಲದಲ್ಲಿ ಅದು ಬೆಂಕಿಯಂತೆ ಹರಿದು ಬಂದು ಆರಿ ಗಟ್ಟಿಯಾದದ್ದು. ಅದರೊಳಗೆ ಯಾವ ತಕ್ಕಡಿಗೂ ಸಿಗದಷ್ಟು ಸ್ವಲ್ಪಸ್ವಲ್ಪ ಅನೇಕ ಧಾತುಗಳಿವೆ. ಅವುಗಳಲ್ಲಿ ಒಂದು ಜೋಡಿ ಯಿಟ್ರಿಯಂ ಮತ್ತು ಹೋಲ್ಮಿಯಂ. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ, ಹೊತ್ತ ವಿದ್ಯುದಾವೇಶವೂ ಒಂದೇ. ಕಲ್ಲು ಕರಗಿ ಹರಿಯುವಾಗಲೂ ಆರಿ ಹರಳುಗಟ್ಟುವಾಗಲೂ ಎರಡೂ ಕೂಡಿಯೇ ಹೋಗಿ ಕೂಡಿಯೇ ಕೂರುತ್ತವೆ. ಹರಳಿಗೆ ಇದು ಯಾವುದು, ಅದು ಯಾವುದು ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲಿಯ ಕರಿಕಲ್ಲನ್ನು ಒಡೆದು ನೋಡಿದರೂ ಎರಡರ ಪ್ರಮಾಣದ ಲೆಕ್ಕ ಒಂದೇ ಬರುತ್ತದೆ. ಆದರೆ ಮಗಳು ಪುಣೆಯ ಆಚೆಯ ಶಿರೂರಿನಿಂದ ತಂದ ಬಾವಿಯ ನೀರಿನಲ್ಲಿ ಯಿಟ್ರಿಯಂ ಆ ಲೆಕ್ಕ ಮೀರಿ ಹೆಚ್ಚಾಗಿತ್ತು, ಹೋಲ್ಮಿಯಂ ಎಲ್ಲಿಯೋ ಹೋಗಿಬಿಟ್ಟಿತ್ತು. ನೀರಿನಲ್ಲಿ ಇವೆರಡು ಸ್ವಲ್ಪ ಬೇರೆಯಾಗುವುದು ತಿಳಿದ ವಿಷಯವೇ ಅಂತೆ. ಇಷ್ಟೊಂದು ಬೇರೆಯಾದದ್ದನ್ನು ಅವಳ ಸರ್ ನಂಬಲಿಲ್ಲ. ಅದೇ ಬಾವಿಯಿಂದ ಇನ್ನೊಮ್ಮೆ ತಾ, ಅದೇ ಲೆಕ್ಕ ಬಂದರೆ ಚಾಪ್ಟರ್ ಇರಲಿ, ಇಲ್ಲದಿದ್ದರೆ ತೆಗೆ ಎಂದಿದ್ದರು.

"ಹೋಲ್ಮಿಯಂ ಎಲ್ಲಿ ಹೋತು ಮತ್ತ?" ಎಂದೆ.

"ಅದನ್ನ ಸರ್ ಕೇಳ್ತಾರ. ನೀನೂ ಶುರು ಮಾಡು."

ನಿಜ ಹೇಳಬೇಕೆಂದರೆ ಹೋಲ್ಮಿಯಂ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ. ನಾನು ಕಲಿತದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ. ವಿಜ್ಞಾನದ ತರಗತಿಯ ಗೋಡೆಗೆ ಧಾತುಗಳ ದೊಡ್ಡ ಪಟವಿತ್ತು. ಅದರ ಕೆಳಗೆ ಪ್ರನಾಳಗಳನ್ನಿಡುವ ಮರದ ಕಪಾಟು. ಪಟದ ಕೊನೆಯ ಎರಡು ಸಾಲುಗಳು ಆ ಕಪಾಟಿನ ಹಿಂದೆ ಅಡಗಿಹೋಗಿದ್ದವು. ಅವು ಪರೀಕ್ಷೆಗಿಲ್ಲ ಎಂದು ನಮ್ಮ ಸಿಸ್ಟರ್ ಹೇಳಿದ್ದರಿಂದ ಯಾರೂ ಬಗ್ಗಿ ನೋಡಿರಲಿಲ್ಲ. ಹೋಲ್ಮಿಯಂ ಅಲ್ಲಿಯೇ ಇತ್ತೆಂದು ಮಗಳು ಹೇಳಿದಳು. ಒಂದೇ ಮನೆಯಲ್ಲಿ ನಾನು ಬರೀ ಮೇಲಿನ ಸಾಲುಗಳನ್ನು ಕಲಿತು ಪಾಸಾದೆ, ಅವಳು ಆ ಅಡಗಿದ ಸಾಲಿಗಾಗಿ ಊಟ ಬಿಟ್ಟು ಕೂತಿದ್ದಾಳೆ. ಇದು ಹೇಗೆ ಎಂದು ನಾನು ಮೆಂತ್ಯದ ಕಡ್ಡಿಗಳನ್ನು ಬುಟ್ಟಿಯಿಂದ ಆರಿಸುತ್ತ ಯೋಚಿಸಿದೆ.

ಶಿರೂರಿನ ಆ ಬಾವಿ ನಮ್ಮ ಮನೆಯವರ ದೊಡ್ಡಪ್ಪನ ಮಗನದು. ನನಗೆ ಭಾವ. ಅಲ್ಲಿ ಕಾಳುಕಡಿಯ ದಲಾಲಿಯ ಅಡತಿ ಅಂಗಡಿ, ಊರ ಹೊರಗೆ ಸ್ವಲ್ಪ ಹೊಲ, ಹೊಲದಲ್ಲೇ ಮನೆ. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಮೊದಲ ಸಲ ಮಗಳು ಹೋದಾಗ ಅವರಿಬ್ಬರೂ ಯಾವುದೋ ಮದುವೆಗೆ ಹೋಗಿದ್ದರು. ಅವಳು ಬಾವಿಗಿಳಿದು ನೀರು ತುಂಬಿಕೊಂಡು ಬಂದಿದ್ದಳು, ಅಷ್ಟೇ. ಈಗ ಭಾವನವರು ಬಾವಿಯನ್ನು ಇನ್ನೂ ಆಳ ಮಾಡಿಸಲು ಸುರಂಗ ಹಾಕಿಸುವವರಿದ್ದರು, ಅಂದರೆ ಮದ್ದಿಟ್ಟು ತಳದ ಕಲ್ಲು ಸಿಡಿಸುವವರಿದ್ದರು. ಕಲ್ಲು ಸಿಡಿದ ಮೇಲೆ ಅದು ಅದೇ ಬಾವಿಯಾಗಿ ಉಳಿಯುವುದಿಲ್ಲ ಎಂದು ಮಗಳಿಗೆ ದಿಗಿಲು. ಹೋಗುವುದಿದ್ದರೆ ಆ ವಾರವೇ ಹೋಗಬೇಕು.

ಸಂಬಂಧಿಕರ ಮನೆಗೆ ಹೇಳದೆ ಹೋಗಬಾರದಲ್ಲ. ನಮ್ಮ ಮನೆಯವರು ಹೆಮ್ಮೆಯಿಂದ ಫೋನು ಮಾಡಿದರು. "ಅಣ್ಣಾ, ನಿನ್ನ ಬಾವಿ ನೀರು ತಪಾಸಲಿಕ್ಕೆ ಲ್ಯಾಬಿನವರು ಬರ್ತಾರ. ಯಾರಂತೀ? ನಮ್ಮ ಮಗಳs! ಏನ ಹಾಸ್ಯ ಅಂತ ತಿಳೀಬ್ಯಾಡ, ದೊಡ್ಡ ಮಷೀನಿಗೆ ಹಾಕ್ತಾರ."

ಮಗಳು ಅಲ್ಲೇ ಕುಳಿತು ಇದನ್ನು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ. ಇದು ತಪಾಸಣೆಯಲ್ಲ ಎಂದು ತಿದ್ದಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನಾವಿಬ್ಬರೂ ಎಸ್‌.ಟಿ. ಬಸ್ಸಿನಲ್ಲಿ ಹೊರಟೆವು. ಯೆರವಡಾ ದಾಟುವ ಹೊತ್ತಿಗೇ ಬಿಸಿಲು ಏರಿತ್ತು. ನಗರ ರೋಡಿನ ಟ್ರಾಫಿಕ್ಕಿನಲ್ಲಿ ಬಸ್ಸು ಕೂತೇಬಿಟ್ಟಿತು. ಮಗಳ ತೊಡೆಯ ಮೇಲೆ ಒಂದು ಚೀಲ, ಅದರಲ್ಲಿ ಎರಡೆರಡು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಬಿಳಿ ಬಾಟಲಿಗಳು. ಚುಚ್ಚುಮದ್ದಿಗೆ ಕೂಸನ್ನು ಒಯ್ಯುವವರ ಹಾಗೆ ಅದನ್ನು ಹಿಡಿದಿದ್ದಳು. ಪಕ್ಕದ ಸೀಟಿನ ಅಜ್ಜಿ ಒಂದು ಬಾಟಲಿ ಕೊಡು, ನೀರು ಕುಡಿಯುತ್ತೇನೆ ಎಂದು ಕೇಳಿದಾಗ ಮಗಳು ಎದೆಗವಚಿಕೊಂಡಳು. ನಾನು ನಮ್ಮ ಸ್ಟೀಲಿನ ಬಾಟಲಿ ಕೊಟ್ಟೆ. ಅಜ್ಜಿ ಮಾತ್ರ ಆ ಬಿಳಿಯವುಗಳನ್ನೇ ನೋಡುತ್ತಿದ್ದರು, ಇವರು ಒಳ್ಳೆಯ ನೀರು ಬಚ್ಚಿಟ್ಟುಕೊಂಡಿದ್ದಾರೆ ಎಂಬ ಹಾಗೆ.

ಭಾವನವರು ರಸ್ತೆಯವರೆಗೆ ಬಂದು ನಿಂತಿದ್ದರು. ಇಸ್ತ್ರಿಯ ಅಂಗಿ, ತಲೆಗೆ ಟೋಪಿ. "ಬರ್ರಿ ಬರ್ರಿ, ಸೈಂಟಿಸ್ಟ್ ಬಾಯಿ. ಮೊದಲ ಊಟಾ, ಆಮ್ಯಾಗ ಬಾವಿ."

"ದೊಡ್ಡಪ್ಪಾ, ಮೊದಲ ನೀರು ತಗೋತೀನಿ."

"ತಗೋ, ತಗೋ. ಈ ಸಲ ನೋಡು, ಕನ್ನಡಿ ಆಗ್ಯದ ನೀರು. ತಳಾ ಕಾಣ್ತದ."

ಮಗಳ ಕಾಲು ಅಲ್ಲೇ ನಿಂತಿತು. "ತಳಾ ಕಾಣ್ತದ? ಹ್ಯಾಂಗ?"

"ಹ್ಯಾಂಗಂದ್ರ! ತುರಟಿ ಹಾಕಸೀನಿ. ಚೀಲಗಟ್ಟಲೆ. ಮ್ಯಾಲ ಬ್ಲೀಚಿಂಗ್ ಪೌಡರ್. ಆಳು ಇಳಿಸಿ ಪಾವಟಿಗಿ ಎಲ್ಲಾ ಬ್ರಶ್ಶಿಲೆ ಉಜ್ಜಿಸೀನಿ. ನನ್ನ ತಮ್ಮನ ಮಗಳು ಬರ್ತಾಳ, ನಾ ಹೊಲಸು ನೀರು ತೋರಸ್ತೀನೇನು?"

ತುರಟಿ ಅಂದರೆ ಪಟಿಕ, ಆಲಂ. ಮಳೆಗಾಲದ ಕೆಂಪು ನೀರಿನಲ್ಲಿ ಅದನ್ನೊಮ್ಮೆ ಆಡಿಸಿದರೆ ಮಡ್ಡಿಯೆಲ್ಲ ಗುಂಪುಗೂಡಿ ತಳಕ್ಕಿಳಿಯುತ್ತದೆ, ನೀರು ತಿಳಿಯಾಗುತ್ತದೆ. ನಾನೂ ಎಷ್ಟೋ ಸಲ ಮಾಡಿದ್ದೇನೆ. ಆ ಮಡ್ಡಿಯ ಜೊತೆಗೆ ಮಗಳು ಹುಡುಕುವ ಎರಡೂ ಧಾತುಗಳು ತಳಕ್ಕೆ ಹೋಗಿರುತ್ತವೆ ಎಂದು ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ. ಅವಳ ಮುಖ ಕಳೆಗುಂದಿದ್ದು ಮಾತ್ರ ಕಂಡಿತು.

ಬಾವಿಯ ಬಳಿ ಹೋದೆವು. ಚೌಕದ ಹಳೆಯ ಬಾವಿ, ಮೆಟ್ಟಿಲುಗಳು ತಿಕ್ಕಿದ ಹಲ್ಲಿನಂತೆ ಹೊಳೆಯುತ್ತಿದ್ದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದಲ್ಲಿ ಬಿದ್ದ ಒಂದು ಹಿತ್ತಾಳೆ ಚೆಂಬು ಕಾಣುತ್ತಿತ್ತು. ಮೂಗಿಗೆ ಆಸ್ಪತ್ರೆಯ ವಾಸನೆ. ಮಗಳು ಮೇಲಿನ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು.

"ಎಲ್ಲಾ ಹೋತು, ಅಮ್ಮಾ," ಎಂದಳು ಮೆಲ್ಲಗೆ.

"ಮೋಟರ್ ಹಚ್ಚಿ ಈ ನೀರು ತೆಗಸಿಬಿಟ್ರ?" ಎಂದೆ ನಾನು. ಹೊಸ ನೀರು ಕಲ್ಲಿನಿಂದ ಬರುತ್ತದಲ್ಲ ಎಂಬ ಯೋಚನೆ.

ಭಾವನವರು ತಲೆಯಾಡಿಸಿದರು. ಹೊಲದ ಕರೆಂಟು ಆ ವಾರ ರಾತ್ರಿ ಪಾಳಿ, ನೀರು ತೆಗೆದು ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ. ಬೆಳಗಾದರೆ ಸುರಂಗದವರು ಬರುತ್ತಾರೆ, ಅವರಿಗೆ ಮುಂಗಡ ಕೊಟ್ಟಾಗಿದೆ, ಈಗ ಬಿಟ್ಟರೆ ಮಳೆಗೆ ಮುಂಚೆ ಮತ್ತೆ ಸಿಗುವುದಿಲ್ಲ. ಇದನ್ನೆಲ್ಲ ಹೇಳುವಾಗ ಅವರ ದನಿ ತಗ್ಗುತ್ತ ಬಂತು. ತಾವು ಮಾಡಿದ್ದರಲ್ಲಿ ತಪ್ಪೇನು ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ತಪ್ಪಾಗಿದೆ ಎಂಬುದಷ್ಟೇ ಗೊತ್ತಾಗಿತ್ತು.

"ಏನವಾ, ತುರಟಿ ಹಾಕಬಾರದಿತ್ತೇನು?" ಎಂದು ಕೇಳಿದರು.

"ಏನಿಲ್ಲ ದೊಡ್ಡಪ್ಪಾ. ಭಾಳ ಚಂದ ಆಗ್ಯದ ಬಾವಿ," ಎಂದಳು ಮಗಳು. ಅವಳಿಗೆ ಅಷ್ಟು ಒಳ್ಳೆಯ ನಡತೆ ಎಲ್ಲಿಂದ ಬಂತೆಂದು ನನಗೆ ಆಶ್ಚರ್ಯವಾಯಿತು. ಮನೆಯಲ್ಲಾದರೆ ಬಾಗಿಲು ದಢಾರನೆ ಹಾಕಿಕೊಳ್ಳುತ್ತಿದ್ದಳು.

ಊಟಕ್ಕೆ ಕುಳಿತೆವು. ಸೀಕರಣಿ, ಪೂರಿ, ಎಣ್ಣೆಗಾಯಿ. ವೈನಿ ಬಡಿಸುತ್ತ, ಅವರೇ ಬ್ಲೀಚಿಂಗ್ ಹಾಕಿಸಲು ಹೇಳಿದ್ದೆಂದು ತಿಳಿಸಿದರು. ಅವರ ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ಆ ಊರಿನ ಕೊನೆಯ ಓಣಿಗೆ ತಪಾಸಣೆಯವರು ಬಂದು, ಅಲ್ಲಿಯ ಬೋರಿನ ನೀರು ಕುಡಿಯಬಾರದೆಂದು ಅದಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದರಂತೆ. ಅಂದಿನಿಂದ ಆ ಓಣಿಯ ಮನೆಗಳಿಗೆ ಹೋದವರು ಚಹಾ ಕೂಡ ಬೇಡ ಎನ್ನುತ್ತಾರಂತೆ.

"ನಮ್ಮ ಬಾವಿಗೆ ಕೆಂಪು ಹಚ್ಚಿದ್ರ ಏನ ಮಾಡ್ಲಿ ಹೇಳು? ಮಂದಿ ಏನಂದಾರು?"

"ದೊಡ್ಡವ್ವಾ, ನಾ ನೀರು ಚಲೋನೋ ಕೆಟ್ಟೋ ಅಂತ ನೋಡೂದs ಇಲ್ಲ," ಎಂದಳು ಮಗಳು.

"ಮತ್ತೇನ್ ನೋಡ್ತಿ?"

ಮಗಳು ನನ್ನತ್ತ ನೋಡಿದಳು. ನಾನು ಸೀಕರಣಿಯ ಬಟ್ಟಲಿನತ್ತ ನೋಡಿದೆ.

ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಬಳಿ, ಬಾವಿಯ ನೀರು ತುಂಬುವ ಟಾಕಿಯಿಂದ ಬಂದ ನಳ. ನಳದ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ನೀರಿನ ಕಸ ಸೋಸಲು ನಮ್ಮ ಕಡೆ ಎಲ್ಲರೂ ಕಟ್ಟುತ್ತಾರೆ, ಪುಣೆಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನೂ ಕಟ್ಟಿದ್ದೇನೆ. ಇದು ಅಪ್ಪಟ ಹೊಸ ಬಟ್ಟೆ. ಗಂಜಿ ಬಿಡದೆ ಬಿರುಸಾಗಿತ್ತು, ನೀರು ಬಿಟ್ಟರೆ ಬಲೂನಿನಂತೆ ಉಬ್ಬುತ್ತಿತ್ತು. ಬಟ್ಟೆಯ ಅಂಚಿಗಿಂತ ಮೇಲೆ, ನಳದ ಕುತ್ತಿಗೆಗೆ, ಹಳೆಯ ಗಂಟಿನ ಗುರುತು ಬಳೆಯ ಹಾಗೆ ಕೆಂಪಗೆ ಉಳಿದಿತ್ತು.

ಮಾತಿಗೆ ಮಾತು ಬೇಕಲ್ಲ ಎಂದು, "ವೈನೀ, ನಳದ ಅರಿವಿ ಹೊಸಾದು ಕಟ್ಟೀರಿ. ನಮ್ಮದೂ ಬದಲಿಸಬೇಕಾಗ್ಯದ, ಪೂರಾ ಕೆಂಪ ಬಿದ್ದದ," ಎಂದೆ.

ವೈನಿ ನಾಚಿದರು. "ಅಯ್ಯ, ಇಲ್ಲಿದು ನೋಡಿದ್ರ ಓಡಿ ಹೋಗ್ತಿದ್ದಿ. ಜಂಗು ಹಿಡದು ತಗಡ ಆಗಿತ್ತು. ನೀವು ಬರ್ತೀರಂತ ಬಿಚ್ಚಿ ಅತ್ಲಾಗ ಒಗದೆ."

ಹಿಂದೆ ಮಗಳು ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಲ್ಲಿ ಒಗದ್ರಿ?"

"ಏನು?"

"ಆ ಹಳೀ ಅರಿವಿ. ಎಲ್ಲದ? ತೊಳದೀರೇನು?"

"ಇಲ್ಲs ಇಲ್ಲ, ತೊಳದಿಲ್ಲ ಇನ್ನ..." ಎಂದು ವೈನಿ ತಪ್ಪು ಮಾಡಿದವರಂತೆ ಹೇಳಿದರು. "ಅಲ್ಲೆ ಕಲ್ಲಿನ ಹಿಂದ ಬಿದ್ದಿರಬೇಕು."

ಮಗಳು ಒಗೆಯುವ ಕಲ್ಲಿನ ಹಿಂದೆ ಬಗ್ಗಿದಳು. ಅದು ಅಲ್ಲಿತ್ತು. ನಳದ ಬಾಯಿಯ ಆಕಾರದಲ್ಲೇ ಒಣಗಿ ನಿಂತ, ತುಕ್ಕು ಹಿಡಿದು ಇಟ್ಟಿಗೆಯ ಬಣ್ಣವಾದ, ಮುಷ್ಟಿಯಷ್ಟು ಬಟ್ಟೆ. ಅವಳು ಅದನ್ನು ಬರಿಗೈಯಿಂದ ಮುಟ್ಟಲಿಲ್ಲ. ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

"ಅಮ್ಮಾ, ಹೋಲ್ಮಿಯಂ ಎಲ್ಲಿ ಹೋತು ಅಂತ ಕೇಳ್ದಿ ಅಲ್ಲ? ಇಲ್ಲಿ ಇರಬಹುದು."

ನನಗೆ ಏನೂ ಅರ್ಥವಾಗಲಿಲ್ಲ. ವೈನಿಗೆ ಅರ್ಥವಾಗುವುದು ಎಲ್ಲಿಂದ ಬಂತು? ಆದರೆ ಆ ಬಟ್ಟೆಯನ್ನು ಹುಡುಗಿ ಪುಣೆಗೆ ಒಯ್ಯುತ್ತಾಳೆ ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಯಿತು.

"ಏನೂ! ಈ ಹೊಲಸು ಅರಿವೀನ? ಮಷೀನಿಗೆ ಹಾಕ್ತಿ? ನಾಕು ಮಂದಿ ನೋಡ್ತಾರ!"

"ದೊಡ್ಡವ್ವಾ, ನನಗ ಇದs ಬೇಕು."

"ತಡಿ ಹಂಗಾರ. ಸೋಡಾ ಹಾಕಿ ಕುದಿಸಿ ತೊಳದು ಕೊಡ್ತೀನಿ. ಬಿಸಲಾಗ ಅರ್ಧಾ ತಾಸಿನ್ಯಾಗ ಒಣಗ್ತದ."

"ಬ್ಯಾಡ್ರೀ! ತೊಳದ್ರ ಎಲ್ಲಾ ಹೋಗ್ತದ!"

"ಹೋಗಲಿ ಅಂತs ತೊಳೀತಾರ ಅಲ್ಲೇನs?"

ಇಬ್ಬರೂ ಬಟ್ಟೆಯ ಎರಡು ತುದಿ ಹಿಡಿದಿದ್ದರು. ಒಬ್ಬಳಿಗೆ ಕೆಲವು ವರ್ಷಗಳ ದುಡಿಮೆ, ಇನ್ನೊಬ್ಬರಿಗೆ ಮನೆಯ ಮಾನ. ನಾನು ನಡುವೆ. ವೈನಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಹೇಳುವುದು ನನಗೆ ತಿಳಿಯುತ್ತಿತ್ತು. ನನ್ನ ಅಡುಗೆಮನೆಯ ಮಸಿಬಟ್ಟೆಯನ್ನು ಯಾರಾದರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರೆ ನಾನೂ ಹೀಗೇ ಮಾಡುತ್ತೇನೆ. ಆದರೆ ಮಗಳು ತನ್ನ ತುದಿ ಬಿಡುವವಳಲ್ಲ ಎಂಬುದೂ ಕಾಣುತ್ತಿತ್ತು.

"ವೈನೀ," ಎಂದೆ, "ಅರಿವೀನ ಯಾರೂ ನೋಡೂದಿಲ್ರಿ. ಆ ಜಂಗು ಅಷ್ಟs ಆ್ಯಸಿಡ್ಡಿನ್ಯಾಗ ಕರಗಸ್ತಾರ. ಕರಗಿದ ಮ್ಯಾಲ ಅದು ನೀರಿನ ಗತೆ ಕಾಣ್ತದ. ಯಾರ ಮನಿದು ಅಂತ ಮಷೀನಿಗೆ ಏನ ಗೊತ್ತ?" ಇದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಮಗಳು ಜೋರಾಗಿ ತಲೆಯಾಡಿಸಿದ್ದರಿಂದ ನಿಜವಿರಬೇಕೆಂದು ನಾನೂ ನಂಬಿದೆ.

ವೈನಿ ಕೈ ಬಿಟ್ಟರು. ಹೊಸ ಬಟ್ಟೆಯ ಒಂದು ತುಂಡೂ ಬೇಕು, ಹೋಲಿಸಿ ನೋಡಬೇಕು ಎಂದು ಮಗಳು ಕೇಳಿದಾಗ ಅವರ ಮುಖ ಅರಳಿತು. ಒಳಗೆ ಹೋಗಿ ಥಾನಿನಿಂದ ದೊಡ್ಡ ತುಂಡನ್ನೇ ಹರಿದು, ಮಡಿಸಿ ತಂದರು. "ಇದನ್ನ ಮೊದಲ ತೋರಸು ನಿಮ್ಮ ಸರ್‌ಗ." ಹಳೆಯದನ್ನು ಪೇಪರಿನಲ್ಲಿ ಸುತ್ತಿ, ಸೀರೆ ಅಂಗಡಿಯ ಚೀಲದೊಳಗಿಟ್ಟು, ಬಸ್ಸಿನಲ್ಲಿ ಯಾರಿಗೂ ಕಾಣದಿರಲೆಂದು ಮೇಲೆ ಒಂದು ಬರಣಿ ಮಾವಿನಕಾಯಿ ಉಪ್ಪಿನಕಾಯಿ ಇಟ್ಟರು. ರಸ್ತೆಗೆ ಬಂದೊಡನೆ ಮಗಳು ಉಪ್ಪಿನಕಾಯಿಯನ್ನು ನನ್ನ ಕೈಗೆ ತುರುಕಿ, ಬಟ್ಟೆಯನ್ನು ತನ್ನ ಸ್ವಚ್ಛ ಚೀಲಕ್ಕೆ ಸೇರಿಸಿದಳು. ಬಿಳಿಯ ಬಾಟಲಿಗಳು ಬಂದ ಹಾಗೆಯೇ ಖಾಲಿಯಾಗಿ ಹೊರಟವು.

ಬಸ್ಸಿನಲ್ಲಿ ಅವಳು ವಿವರಿಸಿದಳು. ಯಿಟ್ರಿಯಂ, ಹೋಲ್ಮಿಯಂ ಎರಡೂ ಕಲ್ಲಿನಿಂದ ಕೂಡಿಯೇ ನೀರಿಗಿಳಿಯುತ್ತವೆ. ನೀರಿನಲ್ಲಿ ಕಬ್ಬಿಣದ ತುಕ್ಕಿರುತ್ತದೆ. ಆ ತುಕ್ಕು ಎರಡನ್ನೂ ಹಿಡಿದುಕೊಳ್ಳುತ್ತದೆ, ಆದರೆ ಹೋಲ್ಮಿಯಂ ಅನ್ನು ತುಸು ಬಿಗಿಯಾಗಿ. ಯಿಟ್ರಿಯಂ ಬೇಗ ಕೈಬಿಡಿಸಿಕೊಂಡು ನೀರಿನೊಡನೆ ಮುಂದೆ ಹೋಗುತ್ತದೆ. ಒಮ್ಮೆ ನೋಡಿದರೆ ಏನೇನೂ ಅಲ್ಲದ ವ್ಯತ್ಯಾಸ. ನೀರು ತುಕ್ಕನ್ನು ಮತ್ತೆ ಮತ್ತೆ ದಾಟಿದಂತೆ ಅದು ಬೆಳೆಯುತ್ತದೆ. ಬೆಂಕಿಯಲ್ಲಿ ಗಾತ್ರ ಮತ್ತು ವಿದ್ಯುದಾವೇಶ ಅಷ್ಟೇ ಮುಖ್ಯ. ನೀರಿನಲ್ಲಿ ಒಳಗಿನ ಇಲೆಕ್ಟ್ರಾನುಗಳ ಜೋಡಣೆಯೂ ಲೆಕ್ಕಕ್ಕೆ ಬರುತ್ತದೆ, ಅದು ಎರಡಕ್ಕೂ ಬೇರೆ.

"ಅಂದ್ರ ಮೊದಲಿಂದs ಬ್ಯಾರೆ ಇದ್ವು?"

"ಹೂಂ."

"ಮತ್ತ ಒಂದs ಥರಾ ಅಂದಿ?"

"ಒಂದs ಥರಾನೂ ಹೌದು."

ನನಗೆ ನಮ್ಮ ಮನೆಯ ಕೈವಸ್ತ್ರಗಳು ನೆನಪಾದವು. ಅರ್ಧ ಹತ್ತಿಯವು, ಅರ್ಧ ಟೆರಿಕಾಟಿನವು, ಎಲ್ಲ ಬಿಳಿ. ಮಡಿಸಿಟ್ಟಾಗ ಮುಟ್ಟಿ ನೋಡಿದರೂ ನನಗೆ ಒಮ್ಮೊಮ್ಮೆ ತಿಳಿಯುವುದಿಲ್ಲ. ಸಾರು ಒರೆಸಿ ನೀರಿಗೆ ಹಾಕಿದಾಗಲೇ ಯಾವುದು ಯಾವುದೆಂದು ಗೊತ್ತಾಗುವುದು. ಒಂದು ಅರಿಸಿನ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಇದನ್ನು ಹೇಳಿದೆ.

ಮಗಳು ನನ್ನ ಕಡೆ ತಿರುಗಿ, "ಹತ್ತರ ಬಂದಿ, ಅಮ್ಮಾ. ಆದರ ಇಲ್ಲಿ ಕಲೆ ಅರಿವಿಗೆ ಹತ್ತೂದಿಲ್ಲ, ಅರಿವಿ ಕಲೆಗೆ ಹತ್ತತದ," ಎಂದಳು. ಹತ್ತಿರ ಬಂದಿದ್ದವಳು ಮತ್ತೆ ದೂರ ಹೋದೆ.

ಲ್ಯಾಬಿನ ಮಷೀನಿನ ಸರದಿ ಬರಲು ಮಳೆ ಹಿಡಿಯುವವರೆಗೂ ಕಾಯಬೇಕಾಯಿತು. ಅಷ್ಟರಲ್ಲಿ ಶಿರೂರಿನಲ್ಲಿ ಬಾವಿಯ ಕಲ್ಲು ಸಿಡಿದಿತ್ತು, ಹೊಸ ಸೆಲೆಯೊಂದು ಒಡೆದು ನೀರು ಭರ್ತಿ ಬಂದಿದೆ ಎಂದು ಭಾವನವರು ಖುಷಿಯಿಂದ ಫೋನು ಮಾಡಿದ್ದರು. ಮಗಳಿಗೆ ಅದನ್ನು ಹೇಳಲೋ ಬೇಡವೋ ಎಂದು ನಾನು ಎರಡು ದಿನ ಸುಮ್ಮನಿದ್ದೆ.

ಒಂದು ಸಂಜೆ ಅವಳು ನೆನೆದುಕೊಂಡೇ ಒಳಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತುಕ್ಕಿನಲ್ಲಿ ಹೋಲ್ಮಿಯಂ ತನ್ನ ಪಾಲಿಗಿಂತ ಹೆಚ್ಚಿತ್ತು, ಯಿಟ್ರಿಯಂ ಕಡಿಮೆ. ಮೊದಲ ಬಾಟಲಿಯ ನೀರಿಗೆ ನೇರ ತಿರುಗುಮುರುಗು. ಹೊಸ ಬಟ್ಟೆಯ ತುಂಡಿನಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ, ಅಂದರೆ ಬಟ್ಟೆಯಿಂದ ಬಂದದ್ದಲ್ಲ. ಬಾಟಲಿ ಹೊಲಸಾಗಿರಲಿಲ್ಲ. ಅವಳ ಸರ್ ಬಟ್ಟೆಯನ್ನು ನೋಡಿ ಮೊದಲು ನಕ್ಕರಂತೆ, ಅಂಕಿಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಚಾಪ್ಟರ್ ಇರಲಿ ಎಂದರಂತೆ.

"ಆದರ ಒಂದು ಕೇಳ್ಯಾರ," ಎಂದಳು. "ಅರಿವಿ ನಳಕ್ಕ ಎಷ್ಟ ದಿನಾ ಇತ್ತು ಅಂತ ಬರೀಬೇಕು. ಅದಿಲ್ಲಂದ್ರ ಓದಾವರು ಒಪ್ಪೂದಿಲ್ಲ. ನೀನs ಕೇಳು ದೊಡ್ಡವ್ವನ್ನ. ನಾ ಕೇಳಿದ್ರ ಹೇಳೂದಿಲ್ಲ ಆಕಿ."

ನಾನು ಫೋನು ಮಾಡಿದೆ. ಮಳೆ, ಬೆಳೆ, ಭಾವನವರ ಶುಗರು, ಎಲ್ಲ ಮುಗಿಸಿ ನಿಧಾನವಾಗಿ ಬಟ್ಟೆಯ ಮಾತಿಗೆ ಬಂದೆ.

"ನಾ ಎಂಟೆಂಟು ದಿನಕ್ಕ ಬದಲಸ್ತೀನಿ," ಎಂದರು ವೈನಿ ತಟ್ಟನೆ.

"ಹೌದ್ರಿ, ನನಗ ಗೊತ್ತದ. ಆದರ ಅದೊಂದು ಅರಿವಿ..."

"ಎಂಟು ದಿನ ಅಂತ ಬರಸು."

ಮಗಳು ಎದುರಿಗೆ ನಿಂತು ಎರಡೂ ಕೈ ಅಲ್ಲಾಡಿಸುತ್ತಿದ್ದಳು. ಎಂಟು ದಿನದಲ್ಲಿ ಅಷ್ಟು ತುಕ್ಕು ಕೂಡಿತೆಂದು ಬರೆದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ, ಚಾಪ್ಟರ್ ಮತ್ತೆ ಬಿದ್ದುಹೋಗುತ್ತದೆ ಎಂದು ಬಾಯಿ ತೆರೆಯದೆಯೇ ಹೇಳುತ್ತಿದ್ದಳು.

"ವೈನೀ, ಖರೇ ಎಷ್ಟ ದಿನಾ ಅಂತ ಬರದ್ರs ಹುಡುಗಿ ಪಾಸ್ ಆಗ್ತದ್ರಿ. ಇಲ್ಲಂದ್ರ ಇಷ್ಟು ವರ್ಷದ್ದೆಲ್ಲಾ ನೀರಾಗ ಹೋಗ್ತದ. ನಿಮ್ಮ ಹೆಸರು ಎಲ್ಲೂ ಬರೂದಿಲ್ಲ. ಬಾವಿಗೆ ಬರೇ ಒಂದು ನಂಬರ್ ಕೊಡ್ತಾರ."

ಆ ಕಡೆ ಪಾತ್ರೆ ಕೆಳಗಿಟ್ಟ ಶಬ್ದವೊಂದು ಕೇಳಿಸಿತು.

"ದೀಪಾವಳಿಗೆ ಕಟ್ಟಿದ್ದು," ಎಂದರು ವೈನಿ, ದನಿಯನ್ನು ಬಹಳ ಇಳಿಸಿ. "ನೀರು ತುಂಬು ಹಬ್ಬಕ್ಕ. ಆಮ್ಯಾಗ ಮದಿವಿ, ಜಡ್ಡು, ಒಂದಿಲ್ಲೊಂದು. ಉಳದೇಬಿಡ್ತು. ಇವರಿಗೆ ಹೇಳಬ್ಯಾಡ ಮತ್ತ."

"ಇಲ್ರಿ, ಇಲ್ಲ."

ನಾನು ಮಗಳಿಗೆ ಕೈಸನ್ನೆ ಮಾಡಿದೆ. ಅವಳು ದೀಪಾವಳಿಯಿಂದ ಮೇ ತಿಂಗಳವರೆಗೆ ಬೆರಳು ಮಡಚಿ ಎಣಿಸುತ್ತ ಲ್ಯಾಪ್‌ಟಾಪಿನ ಕಡೆ ಓಡಿದಳು. ಫೋನಿಡಬೇಕೆನ್ನುವಷ್ಟರಲ್ಲಿ ವೈನಿ ಮತ್ತೆ ಮಾತಾಡಿದರು. ದನಿ ಈಗ ಬೇರೆಯಾಗಿತ್ತು.

"ಬರೇ ನಂಬರs? ಅಷ್ಟು ದೊಡ್ಡ ಪುಸ್ತಕದಾಗ ನಮ್ಮ ಮನಿ ಹೆಸರs ಇರೂದಿಲ್ಲ?"

"ನೀವs ಬ್ಯಾಡಂದ್ರಿ ಅಲ್ರಿ..."

"ಅರಿವಿಗೆ ಬ್ಯಾಡಂದೆ. ಬಾವಿಗೆ ಬ್ಯಾಡ ಅಂದೆನೇನು?"

ಬಟ್ಟೆ ಅವರದೇ, ಬಾವಿ ಅವರದೇ, ಒಂದೇ ನೀರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೆಸರು ಹಾಕುವುದು ಹೇಗೆ ಎಂದು ಒಳಗಿದ್ದವಳನ್ನು ಕೇಳಬಹುದಿತ್ತು. ಅವಳು ಟೈಪು ಮಾಡುವ ಸದ್ದು ಜೋರಾಗಿತ್ತು.

"ಕೇಳಿ ನೋಡ್ತೀನ್ರಿ, ವೈನೀ," ಎಂದೆ.

"ಕೇಳು. ಹಂಗs ತುರಟಿ ಹಾಕಿದ್ದೂ ಬರೀಲಿ. ಎಷ್ಟು ಸ್ವಚ್ಛ ಮಾಡಿದ್ವಿ ಅಂತ ನಾಕು ಮಂದಿಗೆ ತಿಳೀಬೇಕು," ಎಂದು ಅವರು ಫೋನಿಟ್ಟರು.